‘ಚೆನ್ನಾಗಿದೆ ಮಿಸ್’ ಎಂಬ ಉತ್ತರ: ಪರಿಚಯವಿಲ್ಲದ ಪಿಯಾನೋ ಸಂಗೀತವನ್ನು ಒಂಬತ್ತನೇ ತರಗತಿಗೆ ಕೇಳಿಸಿದ ಅನುಭವ

ಪಾಠ ಮುಗಿದ ಮೇಲೆ ಮಕ್ಕಳು ‘ತುಂಬಾ ಚೆನ್ನಾಗಿತ್ತು ಮಿಸ್’ ಎಂದರೆ ಪ್ರಶಿಕ್ಷಣಾರ್ಥಿಗಳಾದ ನಮಗೆ ಅದಕ್ಕಿಂತ ದೊಡ್ಡ ಸಂತೋಷವಿಲ್ಲ. ಬೋಧನಾಭ್ಯಾಸದ ಮೊದಲ ವಾರಗಳಲ್ಲಿ ನಾನೂ ಆ ಮಾತಿಗಾಗಿ ಕಾಯುತ್ತಿದ್ದೆ. ಆದರೆ ಒಂದು ಪಾಠದಲ್ಲಿ ಇಡೀ ತರಗತಿ ಅದೇ ಮಾತನ್ನು ಹೇಳಿದ ದಿನವೇ ನನ್ನ ಪಾಠ ಸೋತಿತ್ತು ಎಂಬುದು ತಡವಾಗಿ ತಿಳಿಯಿತು. ಆ ಪಾಠ ಏನು, ಅದು ಎಲ್ಲಿ ತಪ್ಪಿತು, ಎರಡನೇ ಸಲ ಏನನ್ನು ಬದಲಾಯಿಸಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಮಕ್ಕಳ ಮಾತುಗಳನ್ನು ಅಂದಂದೇ ಪ್ರತಿಫಲನ ದಿನಚರಿಯಲ್ಲಿ ಬರೆದುಕೊಂಡಂತೆ ಕೊಟ್ಟಿದ್ದೇನೆ.

ಪಾಠದ ಸಂದರ್ಭ

ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಮೈಸೂರಿನ ಒಂದು ಸರ್ಕಾರಿ ಪ್ರೌಢಶಾಲೆ. ಒಂಬತ್ತನೇ ತರಗತಿಯ ‘ಎ’ ಮತ್ತು ‘ಬಿ’ ಎರಡೂ ವಿಭಾಗಗಳಿಗೆ ವಿಜ್ಞಾನ ಪಾಠ ಮಾಡುತ್ತಿದ್ದೆ. ಘಟಕ: ಶಬ್ದ. ಆವೃತ್ತಿ, ಪಾರ, ತರಂಗದೂರ ಮುಗಿದಿದ್ದವು. ಶಬ್ದದ ಸ್ಥಾಯಿ, ಗಟ್ಟಿತನ ಮತ್ತು ನಾದಗುಣ ಉಳಿದಿದ್ದವು. ಶ್ರುತಿಕವೆ ಮತ್ತು ರಬ್ಬರ್‌ಬ್ಯಾಂಡ್ ಚಟುವಟಿಕೆಗಳನ್ನು ಮಕ್ಕಳು ಆಗಲೇ ಮಾಡಿದ್ದರು. ಮೂರೂ ಲಕ್ಷಣಗಳನ್ನು ಒಂದೇ ಕಡೆ ಕಿವಿಯಿಂದ ಗುರುತಿಸುವ ಅಭ್ಯಾಸ ಬೇಕೆನಿಸಿತು. ಸಿನಿಮಾ ಹಾಡು ಹಾಕಿದರೆ ಮಕ್ಕಳು ಸಾಹಿತ್ಯ ಹಾಡಿಕೊಂಡು, ನಟರನ್ನು ನೆನೆಸಿಕೊಂಡು, ಶಬ್ದವನ್ನೇ ಮರೆಯುತ್ತಾರೆ. ಅದಕ್ಕೆ ಯಾರಿಗೂ ಪರಿಚಯವಿಲ್ಲದ, ಮಾತೇ ಇಲ್ಲದ ಸಂಗೀತ ಹುಡುಕಿದೆ. ‘ಶಿಕ್ಷಣದಲ್ಲಿ ಕಲೆ’ ವಿಷಯದ ಚಟುವಟಿಕೆಯೂ ಇದರಲ್ಲೇ ಆಗಲಿ ಎಂಬ ಆಸೆಯೂ ಇತ್ತು.

ಯಾವ ಸಂಗೀತ, ಯಾಕೆ ಅದು

ಆರಿಸಿಕೊಂಡದ್ದು ರಷ್ಯಾದ ನಿಕೊಲಾಯ್ ಮೆಟ್ನರ್ ಅವರ ‘ಸೊನಾಟಾ ರೆಮಿನಿಶೆಂಜಾ’. ಹೆಸರಿಗೆ ನೆನಪಿನ ಸೊನಾಟಾ ಎಂಬ ಅರ್ಥ. ‘ಮರೆತ ಮಟ್ಟುಗಳು’ ಎನ್ನಬಹುದಾದ ಒಂದು ಗುಚ್ಛದ ಮೊದಲ ಕೃತಿ ಇದು. ಒಂದೇ ಭಾಗದ್ದು, ಸುಮಾರು 14 ನಿಮಿಷ. ಆರಂಭದಲ್ಲಿ ಮೆಲ್ಲಗೆ ತೂಗುವಂಥ ಒಂದು ಸ್ವರಗುಚ್ಛ ಬರುತ್ತದೆ. ನಡುವೆ ಸಂಗೀತ ಕದಡಿ ಗಟ್ಟಿಯಾಗುತ್ತದೆ. ಆರಂಭದ ಆ ಗುಚ್ಛ ದಾರಿಯಲ್ಲಿ ಒಮ್ಮೆ ಮತ್ತೆ ಬಂದು, ಕೊನೆಯಲ್ಲಿ ಇನ್ನೊಮ್ಮೆ ಬರುತ್ತದೆ. ಕೃತಿ ಸದ್ದಿಲ್ಲದೆ ಮುಗಿಯುತ್ತದೆ.

ಮೆಟ್ನರ್ ಹುಟ್ಟಿದ್ದು 1880ರ ಜನವರಿಯಲ್ಲಿ, ಮಾಸ್ಕೋದಲ್ಲಿ. ಅಲ್ಲಿನ ಸಂಗೀತ ವಿದ್ಯಾಲಯದಲ್ಲಿ ಕಲಿತು 1900ರಲ್ಲಿ ಹೊರಬಂದರು. ಪ್ರಸಿದ್ಧ ರಾಖ್ಮಾನಿನಾಫ್ ಅವರ ಆಪ್ತ ಗೆಳೆಯ. ಮೆಟ್ನರ್ ತಮ್ಮ ಎರಡನೇ ಪಿಯಾನೋ ಕನ್ಚೆರ್ಟೋವನ್ನು ರಾಖ್ಮಾನಿನಾಫ್‌ಗೆ ಅರ್ಪಿಸಿದರು, ರಾಖ್ಮಾನಿನಾಫ್ ತಮ್ಮ ನಾಲ್ಕನೆಯದನ್ನು ಮೆಟ್ನರ್‌ಗೆ ಅರ್ಪಿಸಿದರು. ಇಬ್ಬರಲ್ಲಿ ಒಬ್ಬರ ಹೆಸರು ಜಗತ್ತಿಗೆಲ್ಲ ಗೊತ್ತು, ಇನ್ನೊಬ್ಬರದು ಪಿಯಾನೋ ಕಲಿತವರಲ್ಲೂ ಹಲವರಿಗೆ ಗೊತ್ತಿಲ್ಲ. ಮೆಟ್ನರ್ 14 ಪಿಯಾನೋ ಸೊನಾಟಾ, ಮೂರು ಕನ್ಚೆರ್ಟೋ, ರಷ್ಯನ್ನರು ‘ಸ್ಕಾಜ್ಕಾ’ ಅಂದರೆ ಕಥೆ ಎಂದು ಕರೆಯುವ ಚಿಕ್ಕ ರಚನೆಗಳನ್ನು ಮತ್ತು ಅನೇಕ ಹಾಡುಗಳನ್ನು ಬರೆದರು. ಸಿಂಫನಿಯಾಗಲಿ ಅಪೇರಾ ಆಗಲಿ ಬರೆಯಲಿಲ್ಲ. ಪಿಯಾನೋ ಇಲ್ಲದ ಕೃತಿಯೇ ಅವರದಿಲ್ಲ. ಹಾಗಾಗಿ ದೊಡ್ಡ ವಾದ್ಯಮೇಳಗಳ ಸಭಿಕರಿಗೆ ಅವರ ಹೆಸರು ಬೀಳುವುದೇ ಅಪರೂಪ.

ನಾನು ಈ ಕೃತಿಯನ್ನೇ ಆರಿಸಲು ಮೈಸೂರಿನ ಕಾರಣವೂ ಇತ್ತು. ಮೆಟ್ನರ್ 1921ರಲ್ಲಿ ರಷ್ಯಾ ಬಿಟ್ಟು, ಜರ್ಮನಿ ಮತ್ತು ಫ್ರಾನ್ಸ್‌ಗಳಲ್ಲಿ ಇದ್ದು, 1930ರ ದಶಕದ ನಡುವೆ ಲಂಡನ್ನಿನಲ್ಲಿ ನೆಲೆಸಿದರು. ಎರಡನೇ ಮಹಾಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು, ಆರೋಗ್ಯವೂ ಕೆಟ್ಟಿತು. ಆ ಹೊತ್ತಿನಲ್ಲಿ ಅವರ ಕೈ ಹಿಡಿದವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಮಹಾರಾಜರ ಹಣದ ನೆರವಿನಿಂದ 1940ರ ದಶಕದ ಕೊನೆಯಲ್ಲಿ ‘ಮೆಟ್ನರ್ ಸೊಸೈಟಿ’ ಎಂಬ ಹೆಸರಿನಲ್ಲಿ ಲಂಡನ್ನಿನ ಎಚ್.ಎಂ.ವಿ. ಕಂಪನಿಯು ಮೆಟ್ನರ್ ಅವರೇ ನುಡಿಸಿದ ಕೃತಿಗಳ ಗ್ರಾಮಫೋನ್ ತಟ್ಟೆಗಳನ್ನು ಹೊರತಂದಿತು. ಮೂರೂ ಕನ್ಚೆರ್ಟೋಗಳು ಅವುಗಳಲ್ಲಿದ್ದವು. ಮೂರನೆಯದನ್ನು ಮೆಟ್ನರ್ ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ. ಅವರು 1951ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅರಮನೆಯನ್ನು ದಿನವೂ ಬಸ್ಸಿನ ಕಿಟಕಿಯಿಂದ ನೋಡುವ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗಲಾರದು ಎಂದುಕೊಂಡೆ. ನನ್ನ ತಪ್ಪು ಅಲ್ಲಿಂದಲೇ ಶುರುವಾಯಿತು.

‘ಎ’ ವಿಭಾಗದಲ್ಲಿ ನಡೆದದ್ದು

ಪಾಠಯೋಜನೆಯಲ್ಲಿ ಪೀಠಿಕೆಗೆ ಏಳು ನಿಮಿಷ ಇಟ್ಟಿದ್ದೆ. ಮಹಾರಾಜರ ಚಿತ್ರ, ಪಿಯಾನೋದ ಚಿತ್ರ, ಲಂಡನ್ ತೋರಿಸುವ ಭೂಪಟ ಎಲ್ಲ ಇತ್ತು. ಕಥೆಯನ್ನು ಉತ್ಸಾಹದಿಂದ ಹೇಳಿದೆ. ಕೊನೆಗೆ, ‘ನಮ್ಮ ಮಹಾರಾಜರು ಮೆಚ್ಚಿದ, ಜಗತ್ತಿನ ಶ್ರೇಷ್ಠ ಸಂಗೀತ ಇದು. ಶ್ರದ್ಧೆಯಿಂದ ಕೇಳಿ, ನಿಮಗೆ ಹೇಗನ್ನಿಸಿತು ಬರೆಯಿರಿ’ ಎಂದು ಹೇಳಿ, ಬ್ಲೂಟೂತ್ ಸ್ಪೀಕರ್‌ನಲ್ಲಿ ಎಮಿಲ್ ಗಿಲೆಲ್ಸ್ ನುಡಿಸಿದ ಧ್ವನಿಮುದ್ರಣದ ಮೊದಲ ಮೂರು ನಿಮಿಷ ಹಾಕಿದೆ.

ಒಂದು ನಿಮಿಷ ಕಳೆದಿರಬೇಕು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಪಕ್ಕದವನಿಗೆ, ‘ಪಿಕ್ಚರ್‌ನಲ್ಲಿ ಯಾರಾದ್ರೂ ಸತ್ತಾಗ ಹಾಕ್ತಾರಲ್ಲ, ಹಂಗಿದೆ ಕಣೋ’ ಎಂದ. ನಾಲ್ಕೈದು ಮಂದಿ ನಕ್ಕರು. ನಾನು ಸ್ಪೀಕರ್ ನಿಲ್ಲಿಸಿದೆ. ‘ದೊಡ್ಡವರ ಕೃತಿ ಅದು. ಗೌರವ ಇಟ್ಟುಕೊಂಡು ಕೇಳೋದು ಕಲಿ’ ಎಂದೆ. ತರಗತಿ ತಣ್ಣಗಾಯಿತು. ಮತ್ತೆ ಮೊದಲಿನಿಂದ ಹಾಕಿದೆ. ಯಾರೂ ಅಲುಗಲಿಲ್ಲ.

ಚೀಟಿಗಳನ್ನು ಸಂಗ್ರಹಿಸಿ ಓದಿದಾಗ ಹೆಮ್ಮೆಯಾಯಿತು. ‘ತುಂಬಾ ಚೆನ್ನಾಗಿದೆ ಮಿಸ್’, ‘ಮನಸ್ಸಿಗೆ ಶಾಂತಿ ಸಿಕ್ಕಿತು’, ‘ಮಹಾರಾಜರು ಮೆಚ್ಚಿದ ಸಂಗೀತ ಅದ್ಭುತ’. ಹೆಚ್ಚುಕಡಿಮೆ ಎಲ್ಲವೂ ಇದೇ ಧಾಟಿಯವು. ಆ ಹುಡುಗನ ಚೀಟಿಯಲ್ಲಿ ಹೆಸರು ಮತ್ತು ಕ್ರಮಸಂಖ್ಯೆ ಮಾತ್ರ ಇದ್ದವು.

ಪಾಠ ನೋಡಲು ಬಂದಿದ್ದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಚೀಟಿಗಳನ್ನೆಲ್ಲ ಓದಿದರು. ತರಗತಿ ನಿರ್ವಹಣೆ, ಬೋಧನೋಪಕರಣ ಎಲ್ಲಕ್ಕೂ ಒಳ್ಳೆಯ ಅಂಕ ಕೊಟ್ಟಿದ್ದರು. ವೀಕ್ಷಣಾ ಪುಸ್ತಕದ ಕೊನೆಯಲ್ಲಿ ಮಾತ್ರ ಒಂದು ಪ್ರಶ್ನೆ ಬರೆದಿದ್ದರು: ‘ಇದು ಮಕ್ಕಳ ಪ್ರತಿಕ್ರಿಯೆಯೋ, ನಿಮ್ಮದೋ?’

ಎಲ್ಲಿ ತಪ್ಪಿತು?

ಮೊದಲು ನನಗೆ ಸಿಟ್ಟು ಬಂತು. ಪೀಠಿಕೆ ಇಲ್ಲದೆ ಪಾಠ ಮಾಡಬಾರದು ಎಂದು ಕಲಿಸಿದವರು ಇವರೇ ಅಲ್ಲವೇ? ಆಸುಬೆಲ್ 1960ರಲ್ಲಿ ಮಂಡಿಸಿದ ‘ಪೂರ್ವ ಸಂಘಟಕ’ದ ಪರಿಕಲ್ಪನೆಯನ್ನು ನಾವೆಲ್ಲ ಪರೀಕ್ಷೆಯಲ್ಲಿ ಬರೆದಿದ್ದೇವೆ. ಹೊಸ ವಿಷಯಕ್ಕೆ ಮೊದಲು ಅದನ್ನು ಜೋಡಿಸಿಕೊಳ್ಳಲು ಬೇಕಾದ ಚೌಕಟ್ಟು ಕೊಟ್ಟರೆ ಕಲಿಕೆ ಸುಲಭವಾಗುತ್ತದೆ. ನಾನು ಮಾಡಿದ್ದೂ ಅದೇ ಎಂದು ವಾದಿಸಿದೆ. ಅವರು, ‘ಚೌಕಟ್ಟು ಕೊಟ್ಟಿರೋ, ತೀರ್ಪು ಕೊಟ್ಟಿರೋ ನೋಡಿಕೊಳ್ಳಿ’ ಎಂದಷ್ಟೇ ಹೇಳಿದರು.

ಮನೆಗೆ ಬಂದು ಪಾಠಯೋಜನೆ ತೆಗೆದು ನೋಡಿದೆ. ‘ಒಂದು ಸ್ವರಗುಚ್ಛ ಮತ್ತೆ ಮತ್ತೆ ಬರುತ್ತದೆ, ಅದನ್ನು ಹಿಂಬಾಲಿಸಿ’ ಎಂದಿದ್ದರೆ ಅದು ಚೌಕಟ್ಟು. ‘ಶ್ರೇಷ್ಠ ಸಂಗೀತ’ ಎನ್ನುವುದು ತೀರ್ಪು. ಚೌಕಟ್ಟು ಕೇಳುವ ಕಿವಿಗೆ ಕೆಲಸ ಕೊಡುತ್ತದೆ. ತೀರ್ಪು ಆ ಕೆಲಸವನ್ನು ಮುಗಿಸಿಯೇ ಬಿಡುತ್ತದೆ. ಒಬ್ಬ ವ್ಯಕ್ತಿಯ ಒಂದು ಗುಣದ ಬಗೆಗಿನ ಅಭಿಪ್ರಾಯವು ಉಳಿದ ಗುಣಗಳ ಅಳತೆಯನ್ನೂ ಬಣ್ಣಿಸುತ್ತದೆ ಎಂದು ಥಾರ್ನ್‌ಡೈಕ್ 1920ರಲ್ಲೇ ತೋರಿಸಿದ್ದರು. ನಾವು ಅದನ್ನು ಉತ್ತರಪತ್ರಿಕೆ ತಿದ್ದುವವರ ದೋಷವೆಂದು ಓದುತ್ತೇವೆ. ಮಹಾರಾಜರ ಹೆಸರಿನ ಪ್ರಭಾವಳಿಯನ್ನು ನಾನೇ ಸಂಗೀತಕ್ಕೆ ಕಟ್ಟಿ ಮಕ್ಕಳ ಕೈಗೆ ಕೊಟ್ಟಿದ್ದೆ.

ಮೆಟ್ನರ್ ಅವರ ಬದುಕನ್ನು ಇನ್ನೊಮ್ಮೆ ಓದಿದಾಗ ಇದೇ ಸಂಗತಿ ಬೇರೆ ರೂಪದಲ್ಲಿ ಕಂಡಿತು. ಅವರಿಗೂ ಒಂದು ಹಣೆಪಟ್ಟಿ ಅಂಟಿತ್ತು: ‘ರಷ್ಯಾದ ಬ್ರಾಮ್ಸ್’. ಅದು ಹೊಗಳಿಕೆಯಂತೆ ಕಂಡರೂ, ಕೇಳುವ ಮೊದಲೇ ಕೇಳುಗನ ಕಿವಿಯಲ್ಲಿ ಇನ್ನೊಬ್ಬರ ಸಂಗೀತವನ್ನು ಕೂರಿಸುತ್ತದೆ. 1920ರ ದಶಕದ ಯುರೋಪಿನಲ್ಲಿ ಹೊಸತನಕ್ಕಾಗಿ ಹುಡುಕಾಟ ಜೋರಾಗಿತ್ತು. ಹಳೆಯ ಸ್ವರವ್ಯವಸ್ಥೆಯನ್ನು ಬಿಡಲೊಲ್ಲದ ಮೆಟ್ನರ್ ಅಲ್ಲಿ ಕಾಲಕ್ಕೆ ಹಿಂದೆ ಬಿದ್ದವರಂತೆ ಕಂಡರು. ಅವರ ರಚನೆ ಬಿಗಿ. ಎರಡು ಮೂರು ಎಳೆಗಳು ಒಟ್ಟಿಗೆ ಹೆಣೆದಿರುತ್ತವೆ, ಒಂದೇ ಸಲ ಕೇಳಿದರೆ ಅರ್ಧ ಜಾರಿಹೋಗುತ್ತದೆ. ಸಭೆಯಲ್ಲಿ ಒಮ್ಮೆ ಕೇಳಿ ಎದ್ದುಹೋಗುವವನ ಬಳಿ ಉಳಿಯುವುದು ಹಣೆಪಟ್ಟಿ ಮಾತ್ರ. ಮಹಾರಾಜರ ನೆರವಿನಿಂದ ಬಂದದ್ದು ಗ್ರಾಮಫೋನ್ ತಟ್ಟೆಗಳು ಎಂಬುದು ನನಗೆ ಮುಖ್ಯವಾಗಿ ಕಂಡದ್ದು ಆಗ. 78 ಸುತ್ತಿನ ತಟ್ಟೆಯಲ್ಲಿ ಒಂದು ಬದಿಗೆ ಹಿಡಿಯುತ್ತಿದ್ದುದು ನಾಲ್ಕೈದು ನಿಮಿಷ. ಆದರೆ ಆ ನಾಲ್ಕೈದು ನಿಮಿಷವನ್ನು ಮುಳ್ಳು ಎತ್ತಿಟ್ಟು ಎಷ್ಟು ಸಲ ಬೇಕಾದರೂ ಕೇಳಬಹುದು, ಕೋಣೆಯಲ್ಲಿ ಒಬ್ಬರೇ ಕುಳಿತು, ಯಾರ ಮುಖವನ್ನೂ ನೋಡದೆ.

ಆ ಎರಡು ಸವಲತ್ತುಗಳನ್ನೂ ನಾನು ‘ಎ’ ವಿಭಾಗಕ್ಕೆ ಕೊಟ್ಟಿರಲಿಲ್ಲ. ಮತ್ತೆ ಕೇಳುವ ಅವಕಾಶವಿರಲಿಲ್ಲ, ನನ್ನ ಮುಖ ನೋಡದೆ ಉತ್ತರಿಸುವ ಅವಕಾಶವೂ ಇರಲಿಲ್ಲ.

‘ಬಿ’ ವಿಭಾಗದಲ್ಲಿ ಮಾಡಿದ ಬದಲಾವಣೆ

ಮೂರು ದಿನಗಳ ನಂತರ ‘ಬಿ’ ವಿಭಾಗದ ಸರದಿ. ನಾಲ್ಕು ಬದಲಾವಣೆ ಮಾಡಿಕೊಂಡೆ.

ಒಂದು, ಹೆಸರು, ದೇಶ, ಮಹಾರಾಜರು ಯಾವುದನ್ನೂ ಮೊದಲು ಹೇಳಲಿಲ್ಲ. ‘ಒಂದು ಶಬ್ದ ಕೇಳಿಸ್ತೀನಿ’ ಎಂದಷ್ಟೇ ಹೇಳಿದೆ.

ಎರಡು, ‘ಹೇಗನ್ನಿಸಿತು?’ ಎಂಬ ಪ್ರಶ್ನೆ ಬಿಟ್ಟು ಎರಡು ಪ್ರಶ್ನೆ ಬರೆದೆ: ‘ಏನು ಕೇಳಿಸಿತು?’ ಮತ್ತು ‘ಏನು ನೆನಪಾಯಿತು?’ ಚೀಟಿಯಲ್ಲಿ ಹೆಸರು ಬರೆಯಬೇಕಾಗಿರಲಿಲ್ಲ.

ಮೂರು, ಅದೇ ಮೂರು ನಿಮಿಷವನ್ನು ಎರಡು ಸಲ ಕೇಳಿಸಿದೆ. ಮೊದಲ ಸಲ ಕೇಳಿದ್ದನ್ನು ಚೀಟಿಯ ಒಂದು ಬದಿಗೆ, ಎರಡನೇ ಸಲದ್ದನ್ನು ಇನ್ನೊಂದು ಬದಿಗೆ.

ನಾಲ್ಕು, ಸಂಗೀತ ನಡೆಯುವಾಗ ನಾನು ತರಗತಿಯ ಹಿಂದೆ ಹೋಗಿ ನಿಂತೆ. ನನ್ನ ಮುಖ ಅವರಿಗೆ ಕಾಣಬಾರದು.

ಮೊದಲ ಸಲ ಕೇಳಿದ ಬದಿಯಲ್ಲಿ ಹೆಚ್ಚಿನವರು ಬರೆದದ್ದು ನೆನಪುಗಳನ್ನು. ‘ಮಳೆ ನಿಂತ ಮೇಲೆ ಹೆಂಚಿನಿಂದ ನೀರು ತೊಟ್ಟಿಕ್ಕೋದು.’ ‘ತೊಟ್ಟಿಲು.’ ‘ದೆವ್ವದ ಪಿಕ್ಚರ್.’ ‘ಬೋರ್.’ ‘ಅಜ್ಜಿ ಮನೆ, ಯಾಕೋ ಗೊತ್ತಿಲ್ಲ.’ ‘ನಿದ್ದೆ ಬಂತು ಮಿಸ್, ಸಾರಿ.’ ಒಬ್ಬಳು, ‘ಯಾರೋ ಏನೋ ಹೇಳಕ್ಕೆ ಹೋಗಿ ಹೇಳದೆ ನಿಲ್ಲಿಸ್ತಾರೆ’ ಎಂದು ಬರೆದಿದ್ದಳು. ‘ಬೋರ್’ ಎಂಬುದು ಒಂದಕ್ಕಿಂತ ಹೆಚ್ಚು ಚೀಟಿಗಳಲ್ಲಿತ್ತು. ‘ಎ’ ವಿಭಾಗದಲ್ಲಿ ಅದು ಒಂದರಲ್ಲೂ ಇರಲಿಲ್ಲ. ಅಲ್ಲಿ ಯಾರಿಗೂ ಬೇಸರವಾಗಲಿಲ್ಲ ಎಂದಲ್ಲ, ಅದನ್ನು ಬರೆಯಲು ಜಾಗವಿರಲಿಲ್ಲ.

ಎರಡನೇ ಸಲದ ಬದಿಯಲ್ಲಿ ಬದಲಾವಣೆ ಕಂಡಿತು. ನೆನಪುಗಳು ಕಡಿಮೆಯಾಗಿ ಶಬ್ದಗಳು ಹೆಚ್ಚಾದವು. ‘ಮೊದಲು ಒಂದೇ ಥರದ್ದು ಸುತ್ತಿ ಸುತ್ತಿ ಬರುತ್ತೆ.’ ‘ಕೆಳಗಡೆ ಒಂದು ದಪ್ಪ ಸದ್ದು ಇದೆ, ಮೊದಲ ಸಲ ಕೇಳಿಸಿರಲಿಲ್ಲ.’ ‘ಇಬ್ಬರು ನುಡಿಸ್ತಿದಾರೆ.’ ‘ಬೋರ್’ ಎಂದು ಬರೆದಿದ್ದ ಒಂದು ಚೀಟಿಯ ಹಿಂದೆ, ‘ಈಗಲೂ ಬೋರ್, ಆದ್ರೆ ಮುಂದೆ ಏನಾಗುತ್ತೆ ಅಂತ ಗೊತ್ತು’ ಎಂದಿತ್ತು. ನನಗೆ ಸಿಕ್ಕ ಅತ್ಯುತ್ತಮ ಉತ್ತರಗಳಲ್ಲಿ ಇದೊಂದು. ಮಗುವಿಗೆ ಸಂಗೀತ ಹಿಡಿಸಲಿಲ್ಲ, ಆದರೆ ಅದು ಕೇಳಿದೆ. ಮೆಚ್ಚುವುದು ಬೇರೆ, ಕೇಳುವುದು ಬೇರೆ. ನಮ್ಮ ಪಾಠದ ಉದ್ದೇಶ ಎರಡನೆಯದು.

ರಾಬರ್ಟ್ ಜಾಯನ್ಸ್ 1968ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಲ್ಲಿ ನೆನಪಾಗುತ್ತವೆ. ಅರ್ಥವಿಲ್ಲದ ಪದ, ಗೊತ್ತಿಲ್ಲದ ಲಿಪಿ, ಅಪರಿಚಿತರ ಮುಖಚಿತ್ರ ಇವುಗಳನ್ನು ಹೆಚ್ಚು ಸಲ ಕಂಡಷ್ಟೂ ಜನರಿಗೆ ಅವುಗಳ ಬಗ್ಗೆ ಒಲವು ಹೆಚ್ಚುತ್ತದೆ ಎಂದು ಅವರು ತೋರಿಸಿದರು. ನನ್ನ ತರಗತಿಯಲ್ಲಿ ಎರಡು ಸಲಕ್ಕೆ ಒಲವು ಹೆಚ್ಚಿತೆಂದು ಹೇಳಲಾರೆ. ಆದರೆ ಮೊದಲ ಸಲದ ಪ್ರತಿಕ್ರಿಯೆಯನ್ನೇ ಕೊನೆಯದೆಂದು ಹಿಡಿಯಬಾರದು ಎಂಬುದು ಚೀಟಿಯ ಎರಡು ಬದಿಗಳಿಂದ ಸ್ಪಷ್ಟವಾಯಿತು.

ಪ್ರತಿಕ್ರಿಯೆಯಿಂದ ವಿಜ್ಞಾನಕ್ಕೆ

ಮುಂದಿನ ಅವಧಿಯಲ್ಲಿ ಚೀಟಿಗಳ ಮಾತುಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿದೆ: ‘ಯಾವುದು ಕೇಳಿಸಿದ್ದರಿಂದ ಹಾಗನ್ನಿಸಿತು?’ ಪ್ರಯೋಗಾಲಯದಲ್ಲಿ ನಾವು ಅವಲೋಕನ ಮತ್ತು ಅನುಮಾನಗಳನ್ನು ಬೇರೆ ಮಾಡಿಸುವ ಹಾಗೆಯೇ ಇದು. ‘ದ್ರಾವಣದಲ್ಲಿ ತಾಮ್ರವಿದೆ’ ಎನ್ನುವ ವಿದ್ಯಾರ್ಥಿಗೆ ‘ಏನು ಕಂಡೆ?’ ಎಂದು ಕೇಳುತ್ತೇವೆ, ‘ನೀಲಿ ಬಣ್ಣ’ ಎನ್ನುತ್ತಾನೆ. ‘ದುಃಖದ ಸಂಗೀತ’ ಅನುಮಾನ. ‘ಮೆಲ್ಲಗಿದೆ, ನಿಧಾನ ಇದೆ, ತಗ್ಗಿನ ಸ್ವರ ಇದೆ’ ಅವಲೋಕನ.

‘ಇಬ್ಬರು ನುಡಿಸ್ತಿದಾರೆ’ ಎಂದವರಿಗೆ ತಪ್ಪು ಎನ್ನಲಿಲ್ಲ. ಅದು ಸರಿಯಾಗಿ ಕೇಳಿದ್ದರ ಗುರುತು. ಪಿಯಾನೋದಲ್ಲಿ 88 ಕೀಲಿಗಳಿವೆ. ಕೆಳತುದಿಯ ಸ್ವರದ ಆವೃತ್ತಿ 27.5 ಹರ್ಟ್ಜ್, ಮೇಲ್ತುದಿಯದು ಸುಮಾರು 4186 ಹರ್ಟ್ಜ್. ಎರಡು ಕೈಗಳು ಬೇರೆ ಬೇರೆ ಸ್ಥಾಯಿಯಲ್ಲಿ ಬೇರೆ ಬೇರೆ ಕೆಲಸ ಮಾಡುತ್ತವೆ. ಕಾಲಿನಿಂದ ಪೆಡಲ್ ಒತ್ತಿದರೆ ತಂತಿಗಳನ್ನು ಅದುಮುವ ಮೆತ್ತೆಗಳು ಮೇಲೆದ್ದು, ಕೈ ಬೇರೆಡೆ ಹೋದ ಮೇಲೂ ಮೊದಲಿನ ಸ್ವರ ಉಳಿಯುತ್ತದೆ. ಹಾಗಾಗಿ ಒಬ್ಬರು ನುಡಿಸಿದರೂ ಇಬ್ಬರಂತೆ ಕೇಳುತ್ತದೆ. ‘ನಮ್ಮ ಹಾಡಲ್ಲಿ ಒಂದೇ ದಾರ, ಇದರಲ್ಲಿ ಎರಡು ಮೂರು ದಾರ’ ಎಂದು ಒಬ್ಬ ಹೇಳಿದ. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಸಂಗೀತ ಕ್ಲಾಸಿಗೆ ಹೋಗುವ ಹುಡುಗಿಯೊಬ್ಬಳು, ‘ಮಿಸ್, ಇದರಲ್ಲಿ ಸ್ವರ ಜಾರೋದೇ ಇಲ್ಲ. ಮೆಟ್ಟಿಲು ಹತ್ತಿದ ಹಾಗೆ ಹೋಗುತ್ತೆ’ ಎಂದಳು. ಗಮಕ ಇಲ್ಲದಿರುವುದು ಅವಳಿಗೆ ಕೊರತೆಯಾಗಿ ಕೇಳಿಸಿತ್ತು. ಇದರಿಂದ ತಂತಿಯ ಬಿಗಿತ ಮತ್ತು ಆವೃತ್ತಿಯ ಸಂಬಂಧಕ್ಕೆ ಹೋದೆವು. ವೀಣೆಯಲ್ಲಿ ಬೆರಳು ತಂತಿಯನ್ನು ಪಕ್ಕಕ್ಕೆ ಎಳೆದರೆ ಬಿಗಿತ ಹೆಚ್ಚಿ ಆವೃತ್ತಿ ಏರುತ್ತದೆ, ಸ್ವರ ಜಾರುತ್ತದೆ. ಪಿಯಾನೋದಲ್ಲಿ ಬೆರಳು ತಂತಿಯನ್ನು ಮುಟ್ಟುವುದೇ ಇಲ್ಲ. ಕೀಲಿ ಒತ್ತಿದಾಗ ಉಣ್ಣೆಯ ಮೆತ್ತೆ ಸುತ್ತಿದ ಸುತ್ತಿಗೆ ತಂತಿಗೆ ಹೊಡೆದು ಹಿಂದೆ ಬೀಳುತ್ತದೆ. ಬಿಗಿತ ಮೊದಲೇ ನಿಗದಿಯಾಗಿದೆ. ಹೊಡೆದ ಕ್ಷಣದಿಂದ ಕಂಪನದ ಪಾರ ಇಳಿಯುತ್ತಾ ಹೋಗುತ್ತದೆ, ನುಡಿಸುವವರು ಅದನ್ನು ಮತ್ತೆ ಏರಿಸಲಾರರು. ‘ಹೇಳಕ್ಕೆ ಹೋಗಿ ಹೇಳದೆ ನಿಲ್ಲಿಸ್ತಾರೆ’ ಎಂದು ಬರೆದಿದ್ದವಳು ಆಗ ತಲೆಯೆತ್ತಿ, ‘ಅದಕ್ಕೇನಾ ಹಂಗನ್ಸಿದ್ದು?’ ಎಂದಳು. ಅದೂ ಒಂದು ಕಾರಣ ಇರಬಹುದು ಎಂದೆ. ಭಾವನೆಯನ್ನೆಲ್ಲ ಪಾರದ ಇಳಿಕೆಯಿಂದ ವಿವರಿಸಲಾಗದು ಎಂದೂ ಹೇಳಿದೆ.

‘ದಪ್ಪ ಸದ್ದು ಕೇಳಿಸಲೇ ಇಲ್ಲ’ ಎಂದವರೆಲ್ಲ ಹಿಂದಿನ ಸಾಲಿನವರು. ಅವರ ಗಮನ ಕಡಿಮೆ ಎಂದು ಬರೆದುಕೊಳ್ಳುವುದರಲ್ಲಿದ್ದೆ. ನಮ್ಮ ಜೊತೆಯ ವೀಕ್ಷಕ ಪ್ರಶಿಕ್ಷಣಾರ್ಥಿ ನೆನಪಿಸಿದರು: ಅಂಗೈಯಗಲದ ಸ್ಪೀಕರ್ ತಗ್ಗಿನ ಆವೃತ್ತಿಗಳನ್ನು ಸರಿಯಾಗಿ ಹೊರಡಿಸುವುದಿಲ್ಲ, ಮೇಲೆ ಎರಡು ಫ್ಯಾನ್ ತಿರುಗುತ್ತಿದ್ದವು. ಸ್ಪೀಕರನ್ನು ತರಗತಿಯ ನಡುವೆ ಮೇಜಿನ ಮೇಲಿಟ್ಟು, ಫ್ಯಾನ್ ನಿಲ್ಲಿಸಿ ಕೇಳಿಸಿದೆ. ಹಿಂದಿನ ಸಾಲಿನಲ್ಲೂ ಕೈಗಳು ಎದ್ದವು. ರುಚಿಯ ವ್ಯತ್ಯಾಸ ಎಂದುಕೊಂಡದ್ದು ದೂರದ ವ್ಯತ್ಯಾಸವಾಗಿತ್ತು.

ಕೊನೆಗೆ ಹದಿನಾಲ್ಕು ನಿಮಿಷವೂ ಪೂರ್ತಿ ಕೇಳಿಸಿದೆ. ಮೊದಲಿನ ಗುಚ್ಛ ಮತ್ತೆ ಬಂದಾಗ ಕೈ ಎತ್ತಿ ಎಂದಷ್ಟೇ ಹೇಳಿದ್ದೆ. ನಡುವಿನ ಗಟ್ಟಿ ಭಾಗದಲ್ಲಿ ಕೆಲವರು ಕಿಟಕಿಯಾಚೆ ನೋಡಿದರು, ಇಬ್ಬರು ಮೇಜಿನ ಮೇಲೆ ತಲೆಯಿಟ್ಟರು. ಕೊನೆಯಲ್ಲಿ ಅದು ಬಂದಾಗ ಒಂದು ಕೈ, ನಂತರ ನಾಲ್ಕು, ನಂತರ ಬಹುಪಾಲು ಕೈಗಳು ಎದ್ದವು. ‘ಪಲ್ಲವಿ ಬಂತು’ ಎಂದು ಯಾರೋ ಮೆಲ್ಲಗೆ ಹೇಳಿದರು.

ಆಮೇಲೆ ಹೆಸರು ಹೇಳಿದೆ, ಮಹಾರಾಜರ ಕಥೆ ಹೇಳಿದೆ. ಈ ಸಲ ಕಥೆಗೆ ಪ್ರಶ್ನೆ ಬಂತು: ‘ನಮ್ಮ ಸಂಗೀತ ಬಿಟ್ಟು ಅದಕ್ಕೆ ಯಾಕೆ ಮಿಸ್ ದುಡ್ಡು ಕೊಟ್ರು?’ ಅವರು ನಮ್ಮ ಸಂಗೀತ ಬಿಟ್ಟಿರಲಿಲ್ಲ, ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ ಕರ್ನಾಟಕ ಸಂಗೀತದ 94 ಕೃತಿಗಳನ್ನು ರಚಿಸಿದ್ದಾರೆ ಎಂದೆ. ‘ಹಂಗಾದ್ರೆ ಎರಡೂ ಕೇಳ್ತಿದ್ರಾ?’ ಎಂದ ಹುಡುಗನಿಗೆ ಹೌದು ಎಂದೆ. ‘ಎ’ ವಿಭಾಗದಲ್ಲಿ ಇದೇ ಕಥೆ ಹೇಳಿದಾಗ ಒಂದು ಪ್ರಶ್ನೆಯೂ ಬಂದಿರಲಿಲ್ಲ.

ಮತ್ತೆ ‘ಎ’ ವಿಭಾಗಕ್ಕೆ

ಇದನ್ನು ಬರೆಯುವುದು ಸುಲಭವಲ್ಲ. ಖಾಲಿ ಚೀಟಿ ಕೊಟ್ಟ ಹುಡುಗನ ಮಾತನ್ನು ‘ಬಿ’ ವಿಭಾಗದಲ್ಲಿ ಯಾರಾದರೂ ಚೀಟಿಯಲ್ಲಿ ಬರೆದಿದ್ದರೆ ನಾನು ಅದನ್ನು ಕಪ್ಪುಹಲಗೆಯ ಮೇಲೆ ಬರೆದು, ‘ಯಾವುದು ಕೇಳಿಸಿದ್ದರಿಂದ?’ ಎಂದು ಕೇಳುತ್ತಿದ್ದೆ. ಅವನ ಮಾತಿನಲ್ಲಿ ಪೂರ್ವಜ್ಞಾನವಿತ್ತು, ಹೋಲಿಕೆಯಿತ್ತು, ಅವಲೋಕನವಿತ್ತು. ಇಡೀ ‘ಎ’ ವಿಭಾಗದಲ್ಲಿ ನಿಜವಾಗಿ ಪ್ರತಿಕ್ರಿಯಿಸಿದವನು ಅವನೊಬ್ಬನೇ. ಅವನನ್ನೇ ನಾನು ಬೈದಿದ್ದೆ.

ಮಧ್ಯಾಹ್ನದ ಬಿಸಿಯೂಟ ಮುಗಿಸಿ ತಟ್ಟೆ ತೊಳೆಯುತ್ತಿದ್ದವನ ಬಳಿ ಹೋಗಿ, ಅವತ್ತು ಚೀಟಿಯಲ್ಲಿ ಯಾಕೆ ಏನೂ ಬರೆಯಲಿಲ್ಲ ಎಂದು ಕೇಳಿದೆ. ‘ನನಗನ್ಸಿದ್ದು ಅವತ್ತೇ ಹೇಳ್ಬಿಟ್ಟಿದ್ನಲ್ಲ ಮಿಸ್. ಅದು ತಪ್ಪಂದ್ರಿ. ಬೇರೆ ಏನೂ ಅನ್ಸಿರ್ಲಿಲ್ಲ’ ಎಂದ. ತಪ್ಪು ನಿನ್ನದಲ್ಲ, ನನ್ನದು ಎಂದೆ. ಅವನು ತಲೆ ಆಡಿಸಿ ತಟ್ಟೆ ತೆಗೆದುಕೊಂಡು ಹೋದ.

ಮರುದಿನ ‘ಎ’ ವಿಭಾಗದಲ್ಲಿ, ಅವನ ಹೆಸರು ಹೇಳದೆ, ಅವನ ಮಾತನ್ನು ಕಪ್ಪುಹಲಗೆಯ ಮೇಲೆ ಬರೆದೆ. ಸಿನಿಮಾದಲ್ಲಿ ಸಾವಿನ ದೃಶ್ಯಕ್ಕೆ ಎಂಥ ಸದ್ದು ಬಳಸುತ್ತಾರೆ ಎಂದು ಕೇಳಿದೆ. ಪಟ್ಟಿ ತಾನಾಗಿ ಬೆಳೆಯಿತು: ನಿಧಾನ, ಮೆಲ್ಲಗೆ, ತಗ್ಗಿನ ಸ್ಥಾಯಿ, ಡೋಲು ಇರಲ್ಲ. ಆಮೇಲೆ ಸಂಗೀತವನ್ನು ಮತ್ತೆ ಕೇಳಿ, ಪಟ್ಟಿಯಲ್ಲಿ ಯಾವುದು ಇದರಲ್ಲಿದೆ, ಯಾವುದಿಲ್ಲ ನೋಡಿದೆವು. ಸ್ಥಾಯಿ ಮತ್ತು ಗಟ್ಟಿತನದ ಪಾಠ ಹತ್ತು ನಿಮಿಷದಲ್ಲಿ ಮುಗಿಯಿತು. ಆ ಹುಡುಗ ಮಾತಾಡಲಿಲ್ಲ. ಅವನ ಈ ಸಲದ ಚೀಟಿಯಲ್ಲಿ ಒಂದು ಸಾಲು ಇತ್ತು: ‘ಮೊದಲು ಬಂದಿದ್ದೇ ಆಮೇಲೂ ಬಂತು, ಅಷ್ಟೇ.’ ಅವನ ನಂಬಿಕೆ ಪೂರ್ತಿ ಮರಳಿತು ಎಂದು ನಾನು ಹೇಳಲಾರೆ. ಅವನು ಮತ್ತೆ ಕೇಳಿದ, ಕೇಳಿದ್ದನ್ನು ಬರೆದ. ಅಷ್ಟು ಗೊತ್ತು.

ಮಿತಿಗಳು ಮತ್ತು ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಮಾತು

ಇದು ಪ್ರಯೋಗವಲ್ಲ, ಎರಡು ತರಗತಿಗಳ ಅನುಭವ. ‘ಬಿ’ ವಿಭಾಗದ ಕೆಲವರಿಗೆ ‘ಎ’ ವಿಭಾಗದ ಗೆಳೆಯರಿಂದ ವಿಷಯ ಮೊದಲೇ ತಿಳಿದಿರಬಹುದು. ಒಂದು ತರಗತಿ ಊಟಕ್ಕೆ ಮೊದಲು, ಇನ್ನೊಂದು ಊಟದ ನಂತರ ನಡೆಯಿತು, ನಿದ್ದೆಗೆ ಅದೂ ಕಾರಣವಿರಬಹುದು. ನಾಲ್ಕು ಬದಲಾವಣೆಗಳನ್ನು ಒಟ್ಟಿಗೆ ಮಾಡಿದ್ದರಿಂದ ಯಾವುದರಿಂದ ಏನಾಯಿತು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಮುಂದೆ ಯಾರಾದರೂ ಮಾಡುವುದಾದರೆ ಒಂದೊಂದನ್ನೇ ಬದಲಿಸಿ ನೋಡಬಹುದು.

ಆದರೂ ನನ್ನ ಪಾಠಯೋಜನೆಗಳಲ್ಲಿ ಈಗ ಖಾಯಂ ಆಗಿ ಸೇರಿರುವ ಕೆಲವು ಅಂಶಗಳಿವೆ. ಪರಿಚಯವಿಲ್ಲದ ಯಾವುದೇ ವಸ್ತುವನ್ನು, ಅದು ಸಂಗೀತವಾಗಲಿ, ಚಿತ್ರವಾಗಲಿ, ಕಲ್ಲಿನ ಚೂರಾಗಲಿ, ಮೊದಲು ತೋರಿಸಿ ಆಮೇಲೆ ಹೆಸರಿಸಬೇಕು. ಪೀಠಿಕೆಯಲ್ಲಿ ಏನನ್ನು ಗಮನಿಸಬೇಕು ಎಂದು ಹೇಳಬಹುದು, ಹೇಗೆ ಮೆಚ್ಚಬೇಕು ಎಂದು ಹೇಳಬಾರದು. ‘ಬೇಸರವಾಯಿತು’ ಎಂದು ಬರೆಯಲು ಮಗುವಿಗೆ ಜಾಗ ಇರಬೇಕು, ಮತ್ತು ಎರಡನೇ ಸಲ ಕೇಳಲು ಸಮಯ ಇರಬೇಕು. ನಲವತ್ತು ನಿಮಿಷದ ಅವಧಿಯಲ್ಲಿ ಈ ಎರಡನೇ ಸಲಕ್ಕೆ ಸಮಯ ಸಿಗುವುದಿಲ್ಲ ಎಂದು ನಾವು ಹೇಳುತ್ತೇವೆ. ನನ್ನ ಏಳು ನಿಮಿಷದ ಪೀಠಿಕೆಯನ್ನು ಬಿಟ್ಟದ್ದರಿಂದಲೇ ನನಗೆ ಅದು ಸಿಕ್ಕಿತು.

ಮಕ್ಕಳು ನಕ್ಕಾಗ ಏನು ಮಾಡಬೇಕು ಎಂಬುದು ಮಾತ್ರ ನನಗೆ ಇನ್ನೂ ಕಷ್ಟ. ನಗು ಯಾವಾಗಲೂ ಅಗೌರವವಲ್ಲ. ಹೊಸದನ್ನು ಕಂಡಾಗ ಕಿವಿ ಹಳೆಯದರ ಜೊತೆ ಹೋಲಿಸಿ ನೋಡುವ ಸದ್ದೂ ಅದೇ ಇರಬಹುದು. ಈಗ ಹಿಂದಿನ ಬೆಂಚಿನಿಂದ ಪಿಸುಮಾತು ಬಂದರೆ ಸ್ಪೀಕರ್ ನಿಲ್ಲಿಸುವುದಿಲ್ಲ. ಮುಗಿಯುವವರೆಗೆ ಕಾದು, ‘ಏನಂದೆ, ಇನ್ನೊಂದು ಸಲ ಹೇಳು’ ಎಂದು ಕೇಳುತ್ತೇನೆ. ಪುಸ್ತಕ ಕೈಯಲ್ಲಿ ಹಿಡಿದಿರುತ್ತೇನೆ, ಅವನು ಹೇಳಿದ್ದನ್ನು ಬರೆದುಕೊಳ್ಳುವುದಕ್ಕೆ.